ದಡ ಕಾಣದ ಚಿತ್ರಗಳು

ಕಡಿಯಾಳಿ, ಉಡುಪಿ
8 ನವೆಂಬರ್ 1998

ಡೆನಿಸ್‌ಗೆ,

ಕ್ಷೇಮ ಸಮಾಚಾರ ಕೊನೆಗೆ ಬರೆಯುತ್ತೇನೆ, ಮೊದಲು ಕೆಲಸದ ಮಾತು. ಕಾರ್ಕಳದ ನಿನ್ನ ಅಂಗಡಿಗೆ ಫೋನ್ ಮಾಡಿ ಸಾಕಾಯಿತು. ಪ್ರತಿ ಸಲವೂ ನಿನ್ನ ಪಾಲುದಾರ ಮೌರಿಸ್ ಎತ್ತಿ, "ಡೆನಿಸ್ ಏಣಿಯ ಮೇಲೆ ಇದ್ದಾನೆ" ಎನ್ನುತ್ತಾನೆ. ಬೋರ್ಡ್ ಬರೆಯುವವನು ಏಣಿ ಬಿಟ್ಟು ಇನ್ನೆಲ್ಲಿರುತ್ತಾನೆ? ಅದಕ್ಕೇ ಈ ಕಾಗದ.

ಮಣಿಪಾಲದಲ್ಲಿ ಹೊಸದಾಗಿ ಒಂದು ಅತಿಥಿಗೃಹ ಕಟ್ಟಿದ್ದಾರೆ. ಅದರ ಮ್ಯಾನೇಜರ್ ಮೊನ್ನೆ ನನ್ನ ಫ್ರೇಮ್ ಅಂಗಡಿಗೆ ಬಂದಿದ್ದರು. ಕೇರಳದವರು. ಹೆಸರು ಬೇಬಿ, ಮೀಸೆ ನೋಡಿದರೆ ಸಬ್ ಇನ್ಸ್‌ಪೆಕ್ಟರ್. ಕೋಣೆಗೊಂದು ಸಮುದ್ರ ಮತ್ತು ಆಕಾಶದ ಚಿತ್ರ ಬೇಕಂತೆ. ಈ ಕಡೆಯ ಚಿತ್ರಕಾರರು ತಂದು ತೋರಿಸಿದ್ದೆಲ್ಲ ಕಾಪುವಿನ ದೀಪಸ್ತಂಭ, ಬಂಡೆ, ತೆಂಗಿನ ಮರ. "ಅದನ್ನು ನೋಡ್ಲಿಕ್ಕೆ ಜನ ಕಾಪುವಿಗೇ ಹೋಗ್ತಾರಲ್ಲ ಅಮ್ಮ. ನನಗೆ ದಡ ಬೇಡ. ನಡುಗಡಲಲ್ಲಿ ನಿಂತವನಿಗೆ ಎಂತ ಕಾಣ್ತದೆ, ಅದು ಬೇಕು" ಎಂದರು.

ನೀನು ಹೋದ ವರ್ಷ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಬಿಸಾಡಿದ್ದ ಮೋಡದ ಚಿತ್ರಕ್ಕೆ ನಾನು ಫ್ರೇಮ್ ಹಾಕಿ ಗಲ್ಲಾದ ಮೇಲೆ ತೂಗುಹಾಕಿದ್ದೇನಲ್ಲ, ಅದರ ಮುಂದೆ ಅವರು ಸುಮಾರು ಹೊತ್ತು ನಿಂತರು. ನಾನು ನಿನ್ನ ಹೆಸರು ಹೇಳಿಬಿಟ್ಟೆ. ನಿನ್ನನ್ನು ಕೇಳದೆ ಹೇಳಿದ್ದು ತಪ್ಪಾದರೆ ಬೈದುಕೋ. ಆದರೆ ಒಂದು ಮಾತು. ಅಕ್ಷರವನ್ನು ಕಂಪ್ಯೂಟರಿನಲ್ಲೇ ಕತ್ತರಿಸಿ ಅಂಟಿಸುವ ಮಿಷನ್ ಮಂಗಳೂರಿಗೆ ಬಂದಾಯಿತು. ಕಾರ್ಕಳಕ್ಕೆ ಬರಲು ಎಷ್ಟು ದಿನ ಬೇಕು? ಅದು ಬಂದು ನಿನ್ನನ್ನು ಏಣಿಯಿಂದ ಇಳಿಸುವ ಮೊದಲು ನೀನಾಗಿ ಇಳಿಯುವುದು ಮರ್ಯಾದೆ.

ಕಾಪುವಿನವನಾಗಿ ಒಂದು ಸಲವಾದರೂ ದಡ ಕಾಣದಷ್ಟು ದೂರ ಹೋಗಿದ್ದೀಯಾ? ನಿಜ ಹೇಳು.

ನಾನು ಕ್ಷೇಮ.

ಸುಗಂಧಿ


ಹಳೆ ಬಂದರು, ಮಂಗಳೂರು
29 ನವೆಂಬರ್ 1998

ಸುಗಂಧಿ ಅಕ್ಕನಿಗೆ,

ನಿಜ ಹೇಳುತ್ತೇನೆ, ಹೋಗಿಲ್ಲ. ನಮ್ಮ ಮನೆಯಲ್ಲಿ ಮೀನು ತಿನ್ನುವವರು ಮಾತ್ರ, ಹಿಡಿಯುವವರು ಯಾರೂ ಇಲ್ಲ. ಆದರೆ ಈಗ ಏಣಿ ಇಳಿದು ಮಂಜಿ ಹತ್ತಿದ್ದೇನೆ. ಲಕ್ಷದ್ವೀಪಕ್ಕೆ ಹೆಂಚು, ಸಿಮೆಂಟು, ತರಕಾರಿ ಸಾಗಿಸುವ ಮರದ ಹಡಗು. ಇಲ್ಲಿಂದ ಒಂದು ಸಲ ಹೊರಟರೆ ಆಮೇಲೆ ಮಳೆಗಾಲದ ತನಕ ಕೇರಳದ ಬೇಪೂರಿನಿಂದ ದ್ವೀಪಗಳಿಗೆ ಓಡುತ್ತದಂತೆ. ಹಾಗಾಗಿ ಊರಿಗೆ ಬರುವುದು ಇನ್ನು ಮೇ ಕಳೆದ ಮೇಲೆಯೇ.

ಈಗ ಎಲ್ಲ ಮಂಜಿಗಳಿಗೂ ಎಂಜಿನ್ ಉಂಟು, ಹಾಯಿ ಏರಿಸುವವರು ಕಡಿಮೆ. ನಾನು ಹಾಯಿ ಇರುವುದನ್ನೇ ಹುಡುಕಿದೆ. ಯಾಕೆಂದರೆ ಮೊದಲು ಬೇರೊಂದು ಮಂಜಿಯಲ್ಲಿ ನದಿ ಕಡಲಿಗೆ ಸೇರುವ ಅಳಿವೆ ಬಾಗಿಲ ತನಕ ಹೋಗಿ ಬ್ರಶ್ ಹಿಡಿದು ನೋಡಿದ್ದೆ. ಎಂಜಿನ್‌ಗೆ ಹಲಗೆ ನಡುಗುತ್ತದೆ, ಹಲಗೆಯ ಜೊತೆ ಕೈ. ಗೆರೆಯೆಲ್ಲ ಜ್ವರ ಬಂದವನ ಸಹಿಯ ಹಾಗೆ ಆಯಿತು. ಎಂಜಿನ್ ನಿಲ್ಲಿಸಿ ಹಾಯಿ ಏರಿಸಿದ ಹೊತ್ತಿನಲ್ಲಿ ಮಾತ್ರ ಚಿತ್ರ ಬರೆಯಲು ಸಾಧ್ಯ.

ನಮ್ಮ ತಂಡೇಲರ ಹೆಸರು ಹಸನಬ್ಬ. ಹಡಗಿಗೆ ಅವರೇ ಯಜಮಾನ, ಅವರೇ ಕಾನೂನು. ಗಾಳಿ ಸರಿಯಾಗಿ ಬಂದರೆ ಡೀಸೆಲ್ ಉಳಿಸಲು ಹಾಯಿ ಏರಿಸುತ್ತಾರೆ. "ಚಿತ್ರ ಬಿಡಿಸ್ಲಿಕ್ಕೆ ಯಾರನ್ನೂ ಕರ್ಕೊಂಡು ಹೋಗುದಿಲ್ಲ. ಅನ್ನ ಬೇಯಿಸ್ಲಿಕ್ಕೆ ಬರ್ತದಾ?" ಎಂದು ಕೇಳಿದರು. ಬರುತ್ತದೆ ಎಂದೆ. ಹಾಗೆ ನಾನೀಗ ಹಡಗಿನ ಅಡುಗೆಯವನು. ಅಮ್ಮನಿಗೆ ಮಾತ್ರ ಇದನ್ನು ಹೇಳಬೇಡಿ. ಜೆರ್ಟ್ರೂಡ್‌ಬಾಯಿಯ ಮಗ ಮನೆಯಲ್ಲಿ ಒಂದು ಲೋಟ ತೊಳೆದವನಲ್ಲ.

ಅಡುಗೆಯ ಪಾತ್ರೆಗಳ ಪಕ್ಕದಲ್ಲಿ ಸಿಹಿನೀರಿನ ಪೀಪಾಯಿ ಉಂಟು, ಅದಕ್ಕೆ ಬೀಗ. ಬೀಗದ ಕೈ ನನ್ನ ಕೈಗೆ ಕೊಡುವಾಗ ಹಸನಬ್ಬ ನನ್ನ ಬಣ್ಣದ ಪೆಟ್ಟಿಗೆ ನೋಡಿದರು. "ಇದು ಕುಡಿಲಿಕ್ಕೆ ಇರುವ ನೀರು. ಇದರಲ್ಲಿ ಬ್ರಶ್ ಅದ್ದಿದ್ರೆ ನಿನ್ನನ್ನೇ ಕಡಲಿಗೆ ಅದ್ದುತ್ತೇನೆ" ಎಂದರು. ನಕ್ಕೆ. ಅವರು ನಗಲಿಲ್ಲ.

ಬೋರ್ಡಿಗೆ ಬಳಿಯುವ ಎನಾಮಲ್ ಬಿಟ್ಟು ನೀರಿನ ಬಣ್ಣವನ್ನೇ ತಂದಿದ್ದೇನೆ. ಎನಾಮಲ್‌ನ ವಾಸನೆಯ ಜೊತೆ ಡೀಸೆಲ್ ವಾಸನೆ ಸೇರಿದರೆ ಬದುಕುವುದು ಕಷ್ಟ. ನೀರಿನ ಬಣ್ಣ ಶಾಲೆ ಬಿಟ್ಟ ಮೇಲೆ ಮುಟ್ಟಿಲ್ಲ. ಕಲಿತುಕೊಳ್ಳುತ್ತೇನೆ. ಅಂಗಡಿಯನ್ನು ಸದ್ಯಕ್ಕೆ ಮೌರಿಸ್ ನೋಡಿಕೊಳ್ಳುತ್ತಾನೆ.

ಡೆನಿಸ್


ಆಂದ್ರೋತ್ ದ್ವೀಪ
20 ಡಿಸೆಂಬರ್ 1998

ಸುಗಂಧಿ ಅಕ್ಕ,

ದಡ ಕಾಣದಾದ ಕೂಡಲೇ ನಾನು ಮಾಡಿದ ಮೊದಲ ಕೆಲಸ ವಾಂತಿ. ಎರಡನೆಯದೂ ಅದೇ. ಅನ್ನ ತಳ ಹತ್ತಿತು, ಹಸನಬ್ಬ ಬಾಯಿಗೆ ಬಂದಂತೆ ಬೈದರು, ಉಳಿದವರು ಅದನ್ನೇ ಉಪ್ಪಿನಕಾಯಿ ಹಾಕಿ ತಿಂದರು.

ಮೂರನೆಯ ದಿನ ಗಾಳಿ ಬಡಗಣದಿಂದ ಬಂತು. ಎಂಜಿನ್ ನಿಲ್ಲಿಸಿ ಹಾಯಿ ಬಿಚ್ಚಿದರು. ಅಕ್ಕ, ಆ ಸದ್ದು ನಿಂತದ್ದನ್ನು ಹೇಗೆ ಬರೆಯಲಿ? ಮನೆಯಲ್ಲಿ ಮಿಕ್ಸಿ ನಿಂತ ಮೇಲೆ ಕಿವಿಗೆ ಎಷ್ಟು ಹಿತವೋ ಅಷ್ಟು. ಹಲಗೆ ಒಂದು ಬದಿಗೆ ವಾಲಿತು, ಆದರೆ ನಡುಗಲಿಲ್ಲ. ನಾನು ಅನ್ನದ ಪಾತ್ರೆ ಇಳಿಸಿ ಬೋರ್ಡ್ ಕಟ್ಟಿಕೊಂಡು ಕೂತೆ.

ದಡದಲ್ಲಿ ನಿಂತಾಗ ಸಮುದ್ರ ಎದುರಿಗೆ ಇರುತ್ತದೆ. ಇಲ್ಲಿ ಸುತ್ತಲೂ ಉಂಟು. ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಬೋರ್ಡ್ ಬರೆಯುವಾಗ ಮೊದಲು ಮಾಡುವುದನ್ನೇ ಮಾಡಿದೆ. ನೂಲಿಗೆ ಚಾಕ್ ಪುಡಿ ಹಚ್ಚಿ ಎಳೆದು ಬಿಟ್ಟೆ. ಒಂದು ಗೆರೆ ಬಿತ್ತು. ಕೆಳಗೆ ಸಮುದ್ರ, ಮೇಲೆ ಆಕಾಶ. ಮಂಗಳೂರಿನ ಹತ್ತಿರ ನೀರು ಕೆಸರು, ಆಮೇಲೆ ಬಾಟಲಿಯ ಹಸಿರು, ಆಮೇಲೆ ಒಮ್ಮೆಲೇ ನೀಲಿ. ಆ ನೀಲಿ ನನ್ನ ಪೆಟ್ಟಿಗೆಯಲ್ಲಿ ಇಲ್ಲ. ನೇರಳೆಗೆ ಸ್ವಲ್ಪ ಹಸಿರು ಸೇರಿಸಿ ಹತ್ತಿರ ಹತ್ತಿರ ತಂದಿದ್ದೇನೆ.

ಬಿಸಿಲಿಗೆ ಕಾಗದ ಬೇಗ ಒಣಗುತ್ತದೆ. ರಾತ್ರಿಯ ಗಾಳಿಗೆ ಸ್ವಲ್ಪ ಮೆತ್ತಗಾಗುತ್ತದೆ, ಬೆಳಿಗ್ಗೆ ಮತ್ತೆ ಸರಿ. ಚೆನ್ನಾಗಿ ಬಂದವುಗಳನ್ನು ಕಟ್ಟಿ ಕಳಿಸಿದ್ದೇನೆ. ಬೇಬಿಯವರಿಗೆ ತೋರಿಸುವ ಮೊದಲು ನೀವು ನೋಡಿ. ಸುಳ್ಳು ಹೊಗಳಬೇಡಿ.

ಡೆನಿಸ್


ಕಡಿಯಾಳಿ
11 ಜನವರಿ 1999

ಡೆನಿಸ್,

ಸುಳ್ಳು ಹೊಗಳುವ ಅಭ್ಯಾಸ ನನಗಿಲ್ಲ. ನಿನ್ನ ಸಮುದ್ರಕ್ಕೆ ಸ್ಕೇಲ್ ಇಟ್ಟ ಹಾಗೆ ಉಂಟು. ಆ ಗೆರೆಯ ಮೇಲೆ "ಶ್ರೀ ದುರ್ಗಾ ಕ್ಲಾತ್ ಸ್ಟೋರ್ಸ್" ಎಂದು ಬರೆಯುವುದೊಂದು ಬಾಕಿ. ನೂಲನ್ನು ಸಮುದ್ರಕ್ಕೆ ಬಿಸಾಡು.

ಆದರೆ ಆಕಾಶ ಚೆನ್ನಾಗಿದೆ. ಒಂದು ಚಿತ್ರದಲ್ಲಿ ಮೋಡದ ಅಂಚಿನಲ್ಲಿ ಎಂತ ಹಾಕಿದ್ದೀಯಾ? ಓರೆಯಾಗಿ ಹಿಡಿದರೆ ಸಣ್ಣಗೆ ಮಿನುಗುತ್ತದೆ. ಕಾಗೆಬಂಗಾರದ ಪುಡಿಯಾ? ನನ್ನ ಅಪ್ಪ ಹಿಂದೆ ದೇವರ ಪಟಗಳ ಕಿರೀಟಕ್ಕೆ ಅದನ್ನು ಅಂಟಿಸುತ್ತಿದ್ದರು, ಆದರೆ ಇಷ್ಟು ನಯವಾಗಿ ಕೂರುತ್ತಿರಲಿಲ್ಲ. ಬೇಬಿಯವರು ಕಿಟಕಿಯ ಹತ್ತಿರ ಹಿಡಿದು ನೋಡಿ, "ಇದು ಎಂತ ಟೆಕ್ನಿಕ್?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದು ಹೇಳುವುದು ಹೇಗೆ? "ಅದು ಅವನ ಕೈಗುಣ" ಎಂದೆ.

ಅವರು ಒಪ್ಪಿದ್ದಾರೆ. ಉಳಿದ ಕೋಣೆಗಳಿಗೂ ಕಳಿಸು. ಏಪ್ರಿಲ್‌ನಲ್ಲಿ ಉದ್ಘಾಟನೆ.

ನಿನ್ನ ಅಮ್ಮ ಕಾಪುವಿನಿಂದ ಬಂದಿದ್ದರು. ನೀನು ಅಡುಗೆ ಮಾಡುವ ವಿಷಯ ನಾನು ಹೇಳಲಿಲ್ಲ. ಅವರೇ ಹೇಳಿದರು! ಮೌರಿಸ್ ಊರಿಡೀ ಸಾರಿದ್ದಾನೆ. ಅವರಿಗೆ ಬೇಸರ ಇಲ್ಲ. "ಮದುವೆಯಾಗುವವಳು ಪುಣ್ಯ ಮಾಡಿದ್ದಾಳೆ" ಎಂದು ನಕ್ಕರು.

ಸುಗಂಧಿ


ಕವರತ್ತಿ ದ್ವೀಪ
14 ಫೆಬ್ರವರಿ 1999

ಸುಗಂಧಿ ಅಕ್ಕ,

ನೂಲು ಬಿಸಾಡಿದೆ. ಮೀನು ನುಂಗಿತೋ ಏನೋ.

ಈಗ ಗೆರೆ ಎಳೆಯುವುದೇ ಇಲ್ಲ. ಮಧ್ಯಾಹ್ನ ಸಮುದ್ರ ಆಕಾಶಕ್ಕಿಂತ ಕಪ್ಪು. ಸೂರ್ಯ ಮುಳುಗಿದ ಮೇಲೆ ಆಕಾಶ ಸಮುದ್ರಕ್ಕಿಂತ ಕಪ್ಪು. ನಡುವೆ ಒಂದು ಗಳಿಗೆ ಎರಡೂ ಒಂದೇ ಸಮ ಆಗುತ್ತವೆ. ಆಗ ಎಲ್ಲಿ ನೀರು ಮುಗಿಯಿತು, ಎಲ್ಲಿ ಆಕಾಶ ಶುರುವಾಯಿತು ಎಂದು ಹಸನಬ್ಬರಿಗೂ ಹೇಳಲಿಕ್ಕೆ ಆಗುವುದಿಲ್ಲ. ನಾನು ಅದನ್ನೇ ಹಿಡಿಯಲು ನೋಡುತ್ತಿದ್ದೇನೆ. ಆ ಹೊತ್ತಿಗೆ ಸರಿಯಾಗಿ ಗಾಳಿ ಇರಬೇಕು, ಹಾಯಿ ಏರಿರಬೇಕು, ಎಲ್ಲರ ಊಟ ಆಗಿರಬೇಕು. ಎಲ್ಲ ಕೂಡಿ ಬರುವುದು ಅಪರೂಪ. ಬಂದ ದಿನ ನನಗೆ ಹಸಿವೆಯೇ ಆಗುವುದಿಲ್ಲ.

ಹಾಯಿಯಿಂದ ಒಂದು ತೊಂದರೆಯೂ ಉಂಟು. ಬಿಸಿಲಿಗೆ ಅದರ ಬಿಳಿ ನನ್ನ ಕಾಗದದ ಮೇಲೆ ಬಿದ್ದು ಎಲ್ಲ ಬಣ್ಣವೂ ಗಾಢವಾಗಿ ಕಾಣುತ್ತದೆ. ಆಮೇಲೆ ನೆರಳಿನಲ್ಲಿ ನೋಡಿದರೆ ಸಪ್ಪೆ. ಅದಕ್ಕೆ ಈಗ ನನ್ನ ಕಪ್ಪು ಲುಂಗಿಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂರುತ್ತೇನೆ. ನೋಡಿದವರು ಮಲಗಿ ನಗುತ್ತಾರೆ.

ಕಾಗೆಬಂಗಾರ ಅಲ್ಲ. ಎಂತ ಎಂದು ಹೇಳುವುದಿಲ್ಲ, ಅದು ನನ್ನ ಗುಟ್ಟು. ಬೇಬಿಯವರು ಕೇಳಿದರೆ ಕೈಗುಣ ಎಂದೇ ಹೇಳಿ. ಇಲ್ಲಿ ಅದು ಧಾರಾಳ ಸಿಗುತ್ತದೆ, ಯಾರ ಬೀಗವೂ ಇಲ್ಲ.

ಅಕ್ಕ, ಇಷ್ಟು ವರ್ಷ ನಾನು ಬರೆದದ್ದೆಲ್ಲ ಬೇರೆಯವರ ಹೆಸರು. ಈ ಚಿತ್ರಗಳ ಮೂಲೆಯಲ್ಲಿ ನನ್ನ ಹೆಸರು ಬರೆಯುವಾಗ ಕೈ ತಡೆಯಿತು. ಅಕ್ಷರ ಎಷ್ಟು ದೊಡ್ಡದು ಇರಬೇಕು ಎಂದೇ ತಿಳಿಯಲಿಲ್ಲ.

ಡೆನಿಸ್


ಕಡಿಯಾಳಿ
26 ಏಪ್ರಿಲ್ 1999

ಡೆನಿಸ್,

ನಿನ್ನೆ ಉದ್ಘಾಟನೆ ಆಯಿತು. ಎಲ್ಲ ಚಿತ್ರಗಳನ್ನೂ ಹಾಕಿದ್ದಾರೆ. ಕೊನೆಯ ಕಟ್ಟು ತಡವಾಗಿ ಬಂದದ್ದರಿಂದ ಎಲ್ಲವನ್ನೂ ಒಟ್ಟಿಗೆ ಗಡಿಬಿಡಿಯಲ್ಲಿ ಮುಗಿಸಿದೆ, ಅಂಟು ಪೂರ್ತಿ ಒಣಗಲಿಕ್ಕೂ ಬಿಡಲಿಲ್ಲ. ಆದರೆ ಕೂತದ್ದು ಚಂದ ಕೂತಿವೆ.

ನೀರು ಆಕಾಶ ಒಂದಾಗುವ ಆ ಚಿತ್ರವನ್ನು ಬಾಗಿಲು ಹೊಕ್ಕ ಕೂಡಲೇ ಕಾಣುವಲ್ಲಿ ತೂಗುಹಾಕಿದ್ದಾರೆ. ಬಂದವರೆಲ್ಲ ಅದನ್ನು ಹತ್ತಿರದಿಂದ ಒಮ್ಮೆ, ದೂರದಿಂದ ಒಮ್ಮೆ ನೋಡುತ್ತಿದ್ದರು. ನಾನು ಮೂಲೆಯಲ್ಲಿ ಶರಬತ್ತು ಹಿಡಿದು ಅದನ್ನೇ ನೋಡುತ್ತಿದ್ದೆ. ನನಗೆ ಹೆಮ್ಮೆಯಾಯಿತು ಡೆನಿಸ್. ಹೇಳದೆ ಇಟ್ಟುಕೊಳ್ಳುವುದಿಲ್ಲ.

ಬೇಬಿಯವರು ಎರಡನೇ ಮಹಡಿಗೂ ನಿನ್ನದೇ ಚಿತ್ರ ಬೇಕು ಎಂದಿದ್ದಾರೆ. ಇನ್ನು ನೀನು ಬೋರ್ಡ್ ಬರೆಯುವವನಲ್ಲ.

ಸುಗಂಧಿ


ಬೇಪೂರ್
16 ಮೇ 1999

ಸುಗಂಧಿ ಅಕ್ಕ,

ನಿಮ್ಮ ಕಾಗದವನ್ನು ಹಸನಬ್ಬರಿಗೆ ಓದಿ ಹೇಳಿದೆ. "ಹಾಗಾದ್ರೆ ಮುಂದಿನ ವರ್ಷ ಅನ್ನ ಬೇಯಿಸ್ಲಿಕ್ಕೆ ಬೇರೆಯವನನ್ನು ಹುಡುಕ್ಬೇಕಾ?" ಎಂದರು. ಅದು ಅವರ ಹೊಗಳಿಕೆ.

ನೀವು ಬರೆದ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಓದಿ ಒಂದು ನಿರ್ಧಾರ ಮಾಡಿದೆ. ಕಾರ್ಕಳದ ಅಂಗಡಿಯ ನನ್ನ ಪಾಲನ್ನು ಮೌರಿಸ್‌ಗೇ ಬಿಟ್ಟುಕೊಟ್ಟು ಬರೆದು ಕಳಿಸಿದ್ದೇನೆ. ಅವನು ಅಕ್ಷರ ಕತ್ತರಿಸುವ ಆ ಮಿಷನ್ ತರಿಸುವ ಯೋಚನೆಯಲ್ಲಿದ್ದಾನೆ. ನನ್ನ ಏಣಿ, ಬ್ರಶ್, ಅಂಗಡಿಯಲ್ಲಿ ಉಳಿದ ನೂಲಿನ ಉಂಡೆ ಎಲ್ಲ ಅವನಿಗೇ.

ಮಳೆಗಾಲಕ್ಕೆ ಮಂಜಿಯನ್ನು ಇಲ್ಲಿ ದಡಕ್ಕೆ ಎಳೆದಿದ್ದಾರೆ. ಹಲಗೆಗಳ ಸಂದಿಗೆ ಹತ್ತಿ ತುಂಬಿ ಎಣ್ಣೆ ಹಚ್ಚುವ ಕೆಲಸ. ಹೊರಗಿನ ಬಣ್ಣ ನನ್ನ ಪಾಲಿಗೆ. ಎರಡನೇ ಮಹಡಿಯ ಚಿತ್ರಗಳನ್ನು ಸೆಪ್ಟೆಂಬರ್‌ನಲ್ಲಿ ಹೊರಟ ಮೇಲೆ ಬರೆಯುತ್ತೇನೆ. ನನಗಾಗಿ ಇಟ್ಟುಕೊಂಡ ಕೆಲವು ಇಲ್ಲಿ ಪೆಟ್ಟಿಗೆಯಲ್ಲಿ ಉಂಟು.

ಡೆನಿಸ್


ಕಡಿಯಾಳಿ
19 ಜೂನ್ 1999

ಡೆನಿಸ್,

ಇದನ್ನು ಅಂಚೆಗೆ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಮೊನ್ನೆ ಅತಿಥಿಗೃಹದ ಕಾವಲುಗಾರ ರೇವಪ್ಪ ಫೋನ್ ಮಾಡಿದ. ಗದಗದ ಕಡೆಯವನು, ಪರ್ಕಳದಲ್ಲಿ ರೂಮು. "ಅಕ್ಕಾರ, ಲಗೂನ ಬರ್ರಿ. ನಿಮ್ಮ ಚಿತ್ರ ಬೆವರಾಕ ಹತ್ಯಾವು" ಎಂದ. ಕುಡಿದಿದ್ದಾನೆ ಎಂದುಕೊಂಡೆ. ಹೋಗಿ ನೋಡಿದರೆ ಅವನು ಹೇಳಿದ್ದು ಅಕ್ಷರಶಃ ನಿಜ. ಗಾಜಿನ ಒಳಗೆ ಹನಿ ಕೂತಿದೆ. ಬಣ್ಣ ಹಸಿಯಾಗಿದೆ. ಆಕಾಶ ಇಳಿದು ಸಮುದ್ರಕ್ಕೆ ಬಂದಿದೆ, ಸಮುದ್ರ ಇಳಿದು ಫ್ರೇಮಿನ ತಳದಲ್ಲಿ ನಿಂತಿದೆ. ಬಾಗಿಲ ಎದುರಿನದ್ದಂತೂ ಒಂದು ನೀಲಿ ಕೆಸರು. ಒಂದೂ ಉಳಿದಿಲ್ಲ.

ಬೇಬಿಯವರು ಕೂಗಾಡಲಿಲ್ಲ, ಅದೇ ಕಷ್ಟ. "ಅಮ್ಮ, ಇದು ಹೇಗೆ ಆಯ್ತು?" ಎಂದು ಮೆಲ್ಲಗೆ ಕೇಳಿದರು. ಎಂತ ಹೇಳಲಿ? ಏಪ್ರಿಲ್‌ನಲ್ಲಿ ನಾನು ಹಸಿ ಮೈದಾ ಅಂಟಿನ ಮೇಲೆಯೇ ಹಿಂಬದಿಗೆ ಬ್ರೌನ್ ಪೇಪರ್ ಎಳೆದು ಮುಚ್ಚಿದ್ದೆ. ಆ ತೇವ ಒಳಗೇ ಉಳಿದು ಮಳೆಗೆ ಎದ್ದಿದೆ. ಅಪ್ಪ ಸಾಯುವ ತನಕ ಹೇಳುತ್ತಿದ್ದ ಮಾತು ಅದೊಂದೇ, ಅಂಟು ಒಣಗದೆ ಮುಚ್ಚಬೇಡ ಎಂದು. "ತಪ್ಪು ನನ್ನದು, ಚಿತ್ರ ಬರೆದವನದ್ದಲ್ಲ" ಎಂದೆ. ಎಲ್ಲವನ್ನೂ ರಿಕ್ಷಾದಲ್ಲಿ ಹಾಕಿಕೊಂಡು ತಂದೆ.

ಸುದ್ದಿ ನನಗಿಂತ ಮೊದಲೇ ಊರು ತಲುಪಿದೆ. ಇವತ್ತು ಒಂದು ಮನೆಯವರು ಬಂದು, ತೀರಿಹೋದ ತಂದೆಯ ಫೋಟೋವನ್ನು ಫ್ರೇಮ್ ಹಾಕಿಸದೆ ವಾಪಸು ತೆಗೆದುಕೊಂಡು ಹೋದರು. "ಇರುವುದು ಇದೊಂದೇ ಫೋಟೋ, ಬೇಜಾರು ಮಾಡ್ಕೊಳ್ಬೇಡಿ ಅಕ್ಕ" ಎಂದರು. ಅವರದ್ದು ನ್ಯಾಯವೇ.

ನೀನು ನನ್ನ ಮಾತು ನಂಬಿ ಅಂಗಡಿ ಬಿಟ್ಟಿದ್ದೀಯಾ. ಇದನ್ನು ನಿನಗೆ ಹೇಗೆ ಹೇಳಲಿ?

(ಅಂಚೆಗೆ ಹಾಕಲಿಲ್ಲ.)


ಕಡಿಯಾಳಿ
21 ಜೂನ್ 1999

ಡೆನಿಸ್,

ಇಲ್ಲಿ ಮಳೆ ಜೋರು. ಕಲ್ಸಂಕದಲ್ಲಿ ನೀರು ರಸ್ತೆಗೆ ಬಂದಿದೆ. ಬೇಬಿಯವರು ರಜೆಯಲ್ಲಿ ಊರಿಗೆ ಹೋಗಿದ್ದಾರೆ, ಎರಡನೇ ಮಹಡಿಯ ಮಾತು ಅವರು ಬಂದ ಮೇಲೆ. ಅವಸರ ಮಾಡಬೇಡ. ಮೌರಿಸ್ ಹತ್ತಿರ ಮುಖ ಮುರಿದುಕೊಳ್ಳದೆ ಮಾತು ಇಟ್ಟುಕೊಂಡಿರು, ಹಳೆಯ ಸ್ನೇಹ.

ಉಳಿದಂತೆ ಎಲ್ಲ ಸರಿ ಉಂಟು.

ಸುಗಂಧಿ


ಬೇಪೂರ್
4 ಜುಲೈ 1999

ಸುಗಂಧಿ ಅಕ್ಕ,

ಇಲ್ಲಿಯೂ ಬಿಡದ ಮಳೆ. ನಾನು ಇಟ್ಟುಕೊಂಡಿದ್ದ ಚಿತ್ರಗಳಲ್ಲಿ ಒಂದು ಸ್ವಲ್ಪ ಮೆತ್ತಗಾಗಿದೆ. ಪೆಟ್ಟಿಗೆಯಲ್ಲಿ ಇತ್ತಲ್ಲ, ಅದಕ್ಕೆ ಇರಬೇಕು. ನಿಮ್ಮ ಫ್ರೇಮಿನಲ್ಲಿ ಹಾಗೆ ಆಗುವುದಿಲ್ಲ ಅಲ್ವಾ? ಗಾಜಿನ ಒಳಗೆ ತೇವ ಹೋಗಲಿಕ್ಕೆ ದಾರಿ ಇಲ್ಲ ಅಲ್ವಾ? ಹಿಂಬದಿ ಗಟ್ಟಿಯಾಗಿ ಮುಚ್ಚಿದ್ದೀರಿ ತಾನೇ?

ಸುಮ್ಮನೆ ಕೇಳಿದೆ. ಊರಿಗೆ ಬಂದು ಹೋಗೋಣ ಎಂದುಕೊಂಡಿದ್ದೆ, ಕೆಲಸ ಬಿಡುವುದಿಲ್ಲ.

ಡೆನಿಸ್


ಕಡಿಯಾಳಿ
15 ಜುಲೈ 1999

ಡೆನಿಸ್,

ಸುಮ್ಮನೆ ಕೇಳಿದ್ದಲ್ಲ ಮಾರಾಯ. ಯಾರೋ ನಿನಗೆ ಹೇಳಿದ್ದಾರೆ. ಮೌರಿಸ್ ಇರಬೇಕು. ಗಾಜು, ತೇವ, ಹಿಂಬದಿ ಎಂದು ಸುತ್ತಿ ಬಳಸಿ ಕೇಳುವ ಬದಲು ನೇರವಾಗಿ ಕೇಳಬಹುದಿತ್ತು. ನಾನೂ ನೇರವಾಗಿಯೇ ಹೇಳಬೇಕಿತ್ತು, ಹೇಳಲಿಲ್ಲ. ಈಗ ಕೇಳು.

ನಿನ್ನ ಚಿತ್ರಗಳೆಲ್ಲ ಹೋದವು. ಬಣ್ಣ ಇಳಿದು ಹಾಳಾದವು. ನಾನು ಹಸಿ ಅಂಟಿನ ಮೇಲೆ ಮುಚ್ಚಿದ್ದೇ ಕಾರಣ. ಹಾಗೆಂದು ಬೇಬಿಯವರಿಗೂ ಹೇಳಿದ್ದೇನೆ. ಅವರು ಇನ್ನು ಮುಂದೆ ನನಗೆ ಯಾವ ಕೆಲಸವನ್ನೂ ಕೊಡುವುದಿಲ್ಲ. ಆದರೆ ನಿನ್ನ ಹೆಸರಿಗೆ ಏನೂ ಆಗಿಲ್ಲ. ಸೆಪ್ಟೆಂಬರ್ ನಂತರ ನೀನೇ ನೇರವಾಗಿ ಅವರ ಹತ್ತಿರ ಹೋಗು, ಬೇರೆ ಯಾರ ಹತ್ತಿರವಾದರೂ ಫ್ರೇಮ್ ಹಾಕಿಸು.

ಅಂಗಡಿಗೆ ಈಗ ಜನ ಕಡಿಮೆ. ಬರುವವರೂ ಕನ್ನಡಿ ಕತ್ತರಿಸಲು ಬರುತ್ತಾರೆ. ಕನ್ನಡಿಗೆ ಅಂಟು ಬೇಡ ನೋಡು. ಅಪ್ಪ ಕಟ್ಟಿದ ಹೆಸರು ಇದು, ನನ್ನ ಕಾಲದಲ್ಲಿ ಹೋಯಿತು. ಅಳು ಬರುತ್ತದೆ, ಅಳುತ್ತೇನೆ, ಮತ್ತೆ ಬಾಗಿಲು ತೆರೆದು ಕೂರುತ್ತೇನೆ.

ನಿನ್ನ ಕೆಲಸ ಹಾಳು ಮಾಡಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಉತ್ತರ ಬರೆ, ಬೈದಾದರೂ ಬರೆ.

ಸುಗಂಧಿ


ಬೇಪೂರ್
16 ಆಗಸ್ಟ್ 1999

ಸುಗಂಧಿ ಅಕ್ಕನ ಪಾದಗಳಿಗೆ,

ನಿಮ್ಮ ಕಾಗದ ಬಂದು ಎಷ್ಟೋ ದಿನವಾಯಿತು. ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಮಡಚಿದ ಕಡೆ ಹರಿದೂ ಹೋಗಿದೆ.

ನಿಮ್ಮ ಅಂಟಿನದ್ದು ತಪ್ಪಲ್ಲ. ಬಣ್ಣವನ್ನು ನಾನು ಕಡಲ ನೀರಿನಲ್ಲಿ ಕಲಸಿದ್ದೆ. ಪೀಪಾಯಿಯ ನೀರು ಮುಟ್ಟುವ ಹಾಗಿರಲಿಲ್ಲ. ಸುತ್ತಲೂ ನೀರು ಇರುವಾಗ ಎಂತ ಕಷ್ಟ ಎಂದುಕೊಂಡು ಬಕೆಟ್ ಇಳಿಸಿ ಎತ್ತಿದೆ. ಎನಾಮಲ್‌ಗೆ ಟರ್ಪೆಂಟೈನ್ ಹಾಕಿ ಬದುಕಿದವನು ನಾನು, ನೀರಿಗೂ ನೀರಿಗೂ ವ್ಯತ್ಯಾಸ ಉಂಟು ಎಂದು ತಲೆಗೆ ಹೊಳೆಯಲೇ ಇಲ್ಲ. ನೀವು ಕಾಗೆಬಂಗಾರ ಎಂದದ್ದು ಉಪ್ಪಿನ ಹರಳು. ಅದನ್ನು ಗುಟ್ಟು ಎಂದು ಜಂಬ ಕೊಚ್ಚಿಕೊಂಡೆ. ಬಿಸಿಲಿನಲ್ಲಿ ಮಿನುಗಿತು, ಮಳೆಗಾಲದಲ್ಲಿ ಗಾಳಿಯ ತೇವ ಕುಡಿದು ಬಣ್ಣವನ್ನೂ ಕರಗಿಸಿತು.

ಜೂನ್‌ನಲ್ಲೇ ನನ್ನ ಪೆಟ್ಟಿಗೆಯ ಚಿತ್ರಗಳೂ ಕರಗಿದವು. ಒಂದು ಅಲ್ಲ, ಎಲ್ಲವೂ. ಆಗಲೇ ಗೊತ್ತಾಯಿತು. ಗಾಜಿನೊಳಗೆ ಇದ್ದವು ಉಳಿದಿರಲಿ ಎಂದು ಹಾರೈಸುತ್ತ ನಿಮಗೆ ಹಾಗೆ ಸುತ್ತಿ ಬಳಸಿ ಬರೆದೆ. ನೀವು ತಪ್ಪು ನಿಮ್ಮದೆಂದು ಬರೆದಾಗ ನನಗೆ ಮೊದಲು ಆದದ್ದು ನೆಮ್ಮದಿ. ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಸುಮ್ಮನಿದ್ದರೆ ನಾನು ಚಿತ್ರಕಾರನಾಗಿಯೇ ಉಳಿಯುತ್ತೇನೆ, ಬಾಯಿ ಬಿಟ್ಟರೆ ಅಂಗಡಿಯೂ ಇಲ್ಲ, ಚಿತ್ರವೂ ಇಲ್ಲ. ರೈಲು ಹತ್ತಿದರೆ ಒಂದು ದಿನದ ದಾರಿ. ನಿಮ್ಮ ಮುಖ ನೋಡುವ ಧೈರ್ಯ ಆಗಲಿಲ್ಲ.

ಇವತ್ತು ಬೇಬಿಯವರಿಗೂ ಎಲ್ಲ ಬರೆದು ಹಾಕಿದ್ದೇನೆ. ನಿಮಗೆ ಮಾತ್ರ ಬರೆದರೆ ನೀವು ಅದನ್ನು ಒಲೆಗೆ ಹಾಕಿ ಸುಮ್ಮನಿರುತ್ತೀರಿ. ನಿಮ್ಮನ್ನು ಅಷ್ಟು ಬಲ್ಲೆ.

ಡೆನಿಸ್


ಕಡಿಯಾಳಿ
17 ಆಗಸ್ಟ್ 1999

ಡೆನಿಸ್,

ನೀನು ಉತ್ತರ ಬರೆಯಲಿಲ್ಲ. ಯಾಕೆಂದು ಈಗ ತಿಳಿಯಿತು.

ಹಾಳಾದ ಚಿತ್ರಗಳನ್ನು ಬಿಸಾಡಲು ಮನಸ್ಸಾಗದೆ ಕೆಂಡದ ಬಿಸಿಗೆ ಒಣಗಿಸುತ್ತಿದ್ದೆ. ಒಂದಕ್ಕೊಂದು ಅಂಟಿದ್ದವು. ಬಿಡಿಸುವಾಗ ಅಭ್ಯಾಸಬಲದಿಂದ ಬೆರಳನ್ನು ನಾಲಗೆಗೆ ಮುಟ್ಟಿಸಿದೆ. ಉಪ್ಪು! ಇನ್ನೊಂದನ್ನು ಮುಟ್ಟಿ ನೋಡಿದೆ. ಅದೂ ಉಪ್ಪು. ವರ್ಷ ವರ್ಷವೂ ಮಾವಿನಕಾಯಿಯನ್ನು ಉಪ್ಪುನೀರಿಗೆ ಹಾಕಿಡುವವಳಿಗೆ, ಉಪ್ಪು ಮಳೆಗಾಲಕ್ಕೆ ನೀರೊಡೆಯುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಅಂಟಿಗೆ ಹುಳ ಬಾರದ ಹಾಗೆ ಮೈಲುತುತ್ತು ಹಾಕುತ್ತೇನೆ, ಉಪ್ಪು ಹಾಕುವುದಿಲ್ಲ.

ತಪ್ಪು ಮಾಡಿದ್ದಕ್ಕೆ ನನಗೆ ಕೋಪ ಇಲ್ಲ. ಗೊತ್ತಿಲ್ಲದೆ ಮಾಡಿದ್ದೀಯಾ. ಆದರೆ ಗಾಜು, ತೇವ ಎಂದು ಸುತ್ತಿ ಬಳಸಿ ಕೇಳುವಾಗ ನಿನಗೆ ಗೊತ್ತಿತ್ತು. ಗೊತ್ತಾದ ಮೇಲೆ ನನ್ನನ್ನು ತಪ್ಪೊಪ್ಪಿಕೊಳ್ಳಲು ಬಿಟ್ಟು ನೋಡುತ್ತ ಕೂತೆಯಲ್ಲ, ಅದು ನನಗೆ ಸಹಿಸಲಿಕ್ಕೆ ಆಗುವುದಿಲ್ಲ. ಇನ್ನು ನನಗೆ ಕಾಗದ ಬರೆಯಬೇಡ.

ಸುಗಂಧಿ


ಕಡಿಯಾಳಿ
5 ಸೆಪ್ಟೆಂಬರ್ 1999

ಡೆನಿಸ್,

ಬರೆಯಬೇಡ ಎಂದವಳೇ ಬರೆಯುತ್ತಿದ್ದೇನೆ.

ನಾನು ಆ ಕಾಗದ ಅಂಚೆಗೆ ಹಾಕಿ ಮೂರು ದಿನಕ್ಕೆ ಬೇಬಿಯವರು ಹೇಳಿ ಕಳಿಸಿದರು. ಹೋದೆ. ಮೇಜಿನ ಮೇಲೆ ನಿನ್ನ ಅಕ್ಷರದ ಕಾಗದ. ನಿನ್ನ ಬುದ್ಧಿಗೆ ಎಂತ ಹೇಳಲಿ, ಕೇರಳದವರಿಗೆ ಕನ್ನಡದಲ್ಲಿ ಬರೆದಿದ್ದೀಯಾ. ಅವರು ಮಾತಾಡುತ್ತಾರೆ, ಓದಲು ಬರುವುದಿಲ್ಲ. "ನಿಮ್ಮ ಡೆನಿಸ್ ಬರೆದದ್ದು ಅಂತ ಕಾಣ್ತದೆ, ಸ್ವಲ್ಪ ಓದಿ ಅಮ್ಮ" ಎಂದು ನನ್ನ ಕೈಗೇ ಕೊಟ್ಟರು. ರೇವಪ್ಪ ಬಾಗಿಲಲ್ಲಿ ನಿಂತಿದ್ದ.

ಜೋರಾಗಿ ಓದಲು ಶುರು ಮಾಡಿದೆ. "ಸುಗಂಧಿ ಅಕ್ಕನ ಅಂಟಿನಲ್ಲಿ ತಪ್ಪಿಲ್ಲ" ಎಂಬಲ್ಲಿ ನಿಲ್ಲಿಸಿದೆ. ಮುಂದಿನ ಕಡಲ ನೀರಿನ ಸಾಲು ಕಣ್ಣಿಗೆ ಕಂಡಿತ್ತು. ಸುಳ್ಳು ಹೇಳುವುದಿಲ್ಲ, ಆ ಸಾಲನ್ನು ಹಾರಿಸಿಬಿಡೋಣ ಎಂದು ಅನಿಸಿತು. ಮಳೆಯ ತಪ್ಪು, ಕಾಗದದ ತಪ್ಪು, ಎಂತಾದರೂ ಓದಿದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ಹಿಂದಿನ ದಿನದ ತನಕ ನಿನ್ನ ಮುಖ ನೋಡಬಾರದು ಎಂದಿದ್ದವಳು ನಾನು. ಆಮೇಲೆ ಓದಿದೆ, ಪೂರ್ತಿ ಓದಿದೆ. ನೀನು ಅಷ್ಟು ಕಷ್ಟಪಟ್ಟು ಬರೆದದ್ದನ್ನು ನಾನು ನುಂಗಿದರೆ ಅದು ನಿನಗೆ ಮಾಡುವ ಉಪಕಾರವಲ್ಲ.

ರೇವಪ್ಪ, "ಹಂಗಾರ ಅಕ್ಕಾರದು ತಪ್ಪಿಲ್ಲ ಅನ್ರಿ" ಎಂದ. ಅವನಿಂದಲೇ ಸುದ್ದಿ ಪರ್ಕಳ, ಮಣಿಪಾಲ, ಕಡಿಯಾಳಿ ಎಲ್ಲ ಕಡೆ ಹೋಯಿತು. ತಂದೆಯ ಫೋಟೋ ವಾಪಸು ಕೊಂಡುಹೋಗಿದ್ದವರು ಮೊನ್ನೆ ಅದನ್ನು ಮತ್ತೆ ತಂದರು. ನಾನು ಅದಕ್ಕೆ ಅಂಟು ಹಚ್ಚಿ, ಒಂದು ವಾರ ಮುಟ್ಟುವುದಿಲ್ಲ ಎಂದು ಒಣಗಲು ಇಟ್ಟಿದ್ದೇನೆ. ನನ್ನ ಅಂಟು ಏಪ್ರಿಲ್‌ನಲ್ಲಿ ಹಸಿಯಿದ್ದದ್ದೂ ಸುಳ್ಳಲ್ಲವಲ್ಲ.

ನಿನ್ನ ಕಾಗದ ನನಗೆ ಸಿಕ್ಕಿದ್ದು ಅದರ ಮರುದಿನ. ತಾರೀಕು ನೋಡಿದೆ. ನಾನು ಬೈದು ಬರೆಯುವ ಮೊದಲೇ ನೀನು ಬರೆದಿದ್ದೆ. ಆ ತಾರೀಕು ಬೇರೆ ಆಗಿದ್ದರೆ ಈ ಕಾಗದ ಇರುತ್ತಿರಲಿಲ್ಲ. ಕೋಪ ಪೂರ್ತಿ ಹೋಗಿಲ್ಲ, ಎದುರು ಬಂದಾಗ ಎರಡು ಮಾತು ಬಿಸಿ ಕೇಳಲು ತಯಾರಾಗಿ ಬಾ.

ಇನ್ನೊಂದು ವಿಷಯ. ಓದಿ ಮುಗಿಸಿದ ಮೇಲೆ ಬೇಬಿಯವರು ಕಾಗದವನ್ನು ಮಡಚಿ ಖಾನೆಗೆ ಹಾಕಿದರು. "ಪ್ರಾಮಾಣಿಕ ಮನುಷ್ಯ. ಆದರೆ ನನ್ನ ಗೋಡೆ ಎಲ್ಲ ಖಾಲಿ. ಬೇರೆ ಯಾರಾದ್ರೂ ಚಿತ್ರಕಾರ ಗೊತ್ತುಂಟಾ ನಿಮಗೆ?" ಎಂದು ಕೇಳಿದರು.

"ಉಂಟು, ಡೆನಿಸ್ ಅಂತ" ಎಂದೆ.

ಅವರು ಸಾಧ್ಯವೇ ಇಲ್ಲ ಎಂದು ಬಾಗಿಲು ತೋರಿಸಿದರು. ಮುಂದಿನ ವಾರ ಮತ್ತೆ ಹೋಗಿ ಅದನ್ನೇ ಹೇಳಿದೆ. ಆಗಲೂ ಇಲ್ಲ ಎಂದರು, ಆದರೆ ಈ ಸಲ ಚಹಾ ಕೊಟ್ಟು ಇಲ್ಲ ಎಂದರು. ನಾಳೆ ಮತ್ತೆ ಹೋಗುತ್ತೇನೆ. ನೀನು ಬಣ್ಣಕ್ಕೆಂದೇ ಸಿಹಿನೀರು ತುಂಬಿಸಿಕೊಂಡು ಹೊರಡು.

ಸುಗಂಧಿ